ಅಧ್ಯಕ್ಷರ ಮೇಜಿಗೆ ಹೋಗುವ ಕೊನೆಯ ಕಾಗದ: ಅಮೆರಿಕದ ದೇಶೀಯ ನೀತಿ ಮಂಡಳಿಯ ಕತೆ

ಎಚ್-4 ವೀಸಾ ಎಂದರೆ ಏನೆಂದು ಬೆಂಗಳೂರು, ಮೈಸೂರು, ದಾವಣಗೆರೆಯ ಎಷ್ಟೋ ಅಪ್ಪ ಅಮ್ಮಂದಿರಿಗೆ ಬಾಯಿಪಾಠ. ಅಳಿಯ ಎಚ್-1ಬಿ ಎಂಬ ನೌಕರಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗುತ್ತಾನೆ, ಮಗಳು ಅವನ ಹೆಂಡತಿಯಾಗಿ ಎಚ್-4 ಮೇಲೆ ಹೋಗುತ್ತಾಳೆ. ಇಲ್ಲಿ ಎಂಜಿನಿಯರಿಂಗ್ ಓದಿ, ನಾಲ್ಕೈದು ವರ್ಷ ಸಂಬಳ ಎಣಿಸಿದ್ದವಳು ಅಲ್ಲಿ ಒಂದು ಡಾಲರ್ ಕೂಡ ದುಡಿಯುವಂತಿರಲಿಲ್ಲ. 2015ರ ಮೇ 26ರಿಂದ ಈ ಬಿಗಿ ಸ್ವಲ್ಪ ಸಡಿಲಾಯಿತು. ಗಂಡನ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಸಿಗುವಂತಾಯಿತು. ಅದರ ಲಾಭ ಪಡೆದವರಲ್ಲಿ ಬಹುಪಾಲು ಭಾರತೀಯ ಹೆಣ್ಣುಮಕ್ಕಳು.

ಇದನ್ನು ಮಾಡಿದ್ದು ಯಾರು ಎಂದರೆ ನಾವು ‘ಒಬಾಮಾ’ ಎನ್ನುತ್ತೇವೆ. ಕಾಗದದ ಮೇಲೆ ಮಾಡಿದ್ದು ಒಳನಾಡು ಭದ್ರತಾ ಇಲಾಖೆ. ಆದರೆ ಇಂಥ ಕೆಲಸ ಒಂದೇ ಇಲಾಖೆಯಿಂದ ಆಗುವುದಲ್ಲ. ವೀಸಾ ಮುದ್ರೆ ಒತ್ತುವುದು ವಿದೇಶಾಂಗ ಇಲಾಖೆ. ಅಮೆರಿಕದ ಕೆಲಸಗಾರರ ಕೂಲಿ ಕುಸಿಯದಂತೆ ಕಾಯುವುದು ಕಾರ್ಮಿಕ ಇಲಾಖೆ. ನಾಳೆ ಯಾರಾದರೂ ಕೋರ್ಟಿಗೆ ಹೋದರೆ ಸರ್ಕಾರದ ಪರ ನಿಲ್ಲಬೇಕಾದದ್ದು ನ್ಯಾಯ ಇಲಾಖೆ. ಕಂಪನಿಗಳ ಅಹವಾಲು ಕೇಳುವುದು ವಾಣಿಜ್ಯ ಇಲಾಖೆ. ಅವರವರ ಜಾಗದಿಂದ ನೋಡಿದರೆ ಎಲ್ಲರ ಮಾತೂ ಸರಿಯೇ. ಇವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ, ತಕರಾರುಗಳನ್ನು ಬಿಡಿಸಿ, ಅಧ್ಯಕ್ಷರು ಓದಿ ತೀರ್ಮಾನಿಸಬಹುದಾದ ಕೆಲವೇ ಪುಟಗಳಿಗೆ ಇಳಿಸುವವರು ಬೇಕಲ್ಲ? ಶ್ವೇತಭವನದಲ್ಲಿ ಆ ಹೊಣೆ ಹೊತ್ತಿರುವುದು ‘ಡೊಮೆಸ್ಟಿಕ್ ಪಾಲಿಸಿ ಕೌನ್ಸಿಲ್’, ಅಂದರೆ ದೇಶೀಯ ನೀತಿ ಮಂಡಳಿ. ಆಗ ಅದರ ನಿರ್ದೇಶಕಿಯಾಗಿದ್ದವರು ಸಿಸಿಲಿಯಾ ಮುನ್ಯೋಸ್. ಒಬಾಮಾ ಅವರ ವಲಸೆ ನೀತಿಯ ಎಳೆಗಳೆಲ್ಲ ಅವರ ಕೈಯಲ್ಲಿ ಹಾದು ಹೋಗುತ್ತಿದ್ದವು.

ಈ ಮಂಡಳಿಯ ಹೆಸರನ್ನು ಕೇಳಿದವರು ನಮ್ಮಲ್ಲಿ ಕಡಿಮೆ. ಅಮೆರಿಕದಲ್ಲೂ ಹೆಚ್ಚಿಲ್ಲ. ಒಂದು ದೇಶದ ಶಾಲೆ, ಆಸ್ಪತ್ರೆ, ವಲಸೆ, ವಸತಿ, ಬಡವರ ನೆರವು ಎಲ್ಲದರ ಮೇಲೂ ಕೈಯಿಟ್ಟಿರುವ ಜಾಗ ಇಷ್ಟು ಅಪರಿಚಿತವಾಗಿ ಉಳಿಯುವುದು ಒಳ್ಳೆಯದಲ್ಲ ಎಂಬುದು ನನ್ನ ಅನಿಸಿಕೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ನಮ್ಮಲ್ಲಿ ಸಚಿವರು ಸಂಸತ್ತಿನ ಸದಸ್ಯರು. ಸಂವಿಧಾನದ 75ನೇ ವಿಧಿಯ ಪ್ರಕಾರ ಇಡೀ ಸಂಪುಟ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ. ಒಂದು ಪ್ರಸ್ತಾವ ಬಂದರೆ ಸಂಪುಟ ಟಿಪ್ಪಣಿ ತಯಾರಾಗಿ, ಸಂಬಂಧಪಟ್ಟ ಸಚಿವಾಲಯಗಳನ್ನೆಲ್ಲ ಸುತ್ತಿ, ಅಭಿಪ್ರಾಯ ಹೊತ್ತು ಬರುತ್ತದೆ. ವಿಧಾನಸೌಧದಲ್ಲಿ ಕಡತದ ಹಿಂದೆ ಬಿದ್ದವರಿಗೆ ಇದು ಗೊತ್ತು: ಆರ್ಥಿಕ ಇಲಾಖೆಯ ಸಹಮತಿ ಬರುವತನಕ ಯಾವ ಸಚಿವರ ಭರವಸೆಯೂ ಭರವಸೆಯಷ್ಟೇ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿನ ಸಂಪುಟ ಒಟ್ಟಾಗಿ ಯಾವುದನ್ನೂ ನಿರ್ಧರಿಸುವುದಿಲ್ಲ. ಸಂಸತ್ತಿನ ಸದಸ್ಯರಾಗಿರುವವರು ಕಾರ್ಯಾಂಗದ ಹುದ್ದೆ ಹಿಡಿಯುವಂತೆಯೇ ಇಲ್ಲ. ಒಬ್ಬೊಬ್ಬ ಕಾರ್ಯದರ್ಶಿಯೂ (ಅಲ್ಲಿ ಇಲಾಖೆಯ ಸಚಿವರನ್ನು ಹೀಗೆ ಕರೆಯುತ್ತಾರೆ) ತನ್ನ ಇಲಾಖೆಯ ಮಟ್ಟಿಗೆ ಅಧ್ಯಕ್ಷರಿಗೆ ಉತ್ತರ ಹೇಳುವವನು, ಕೊನೆಯ ಮಾತು ಅಧ್ಯಕ್ಷರೊಬ್ಬರದ್ದೇ. ಹೀಗಿರುವಾಗ ಇಲಾಖೆಗಳ ನಡುವಿನ ಸೇತುವೆಯನ್ನು ಅಧ್ಯಕ್ಷರ ಮನೆಯೊಳಗೇ ಕಟ್ಟಿಕೊಳ್ಳಬೇಕಾಗುತ್ತದೆ.

ಅದು ಒಮ್ಮೆಲೇ ಕಟ್ಟಿದ್ದಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ ನೇಮಿಸಿದ್ದ ಬ್ರೌನ್‌ಲೋ ಸಮಿತಿ 1937ರ ತನ್ನ ವರದಿಯಲ್ಲಿ ‘ಅಧ್ಯಕ್ಷರಿಗೆ ಸಹಾಯ ಬೇಕು’ ಎಂದು ಸರಳವಾಗಿ ಬರೆಯಿತು. 1939ರಲ್ಲಿ ಅಧ್ಯಕ್ಷರ ಕಾರ್ಯಾಲಯ ಎಂಬ ಹೊಸ ವ್ಯವಸ್ಥೆ ಹುಟ್ಟಿತು. 1947ರಲ್ಲಿ ವಿದೇಶಾಂಗ ಮತ್ತು ರಕ್ಷಣೆಗಾಗಿ ರಾಷ್ಟ್ರೀಯ ಭದ್ರತಾ ಮಂಡಳಿ ಬಂತು, ಅದೂ ಕಾನೂನಿನ ಮೂಲಕ. ಒಳನಾಡಿನ ವಿಷಯಗಳಿಗೆ ಮಾತ್ರ ಅಂಥ ಮಂಡಳಿ ಇರಲಿಲ್ಲ. ನಂಬಿಕಸ್ತ ಒಬ್ಬಿಬ್ಬರನ್ನು ಅಧ್ಯಕ್ಷರು ಹತ್ತಿರ ಇಟ್ಟುಕೊಳ್ಳುತ್ತಿದ್ದರು. 1965ರಿಂದ ಲಿಂಡನ್ ಜಾನ್ಸನ್ ಅವರ ಬಳಿ ಜೋಸೆಫ್ ಕ್ಯಾಲಿಫಾನೊ ಇದ್ದ ಹಾಗೆ.

ಇನ್ನು ನಿಕ್ಸನ್ ಕಾಲ. ಈ ಮಂಡಳಿಯ ಒಳಿತು ಕೆಡುಕು ಎರಡರ ಬೇರೂ ಅಲ್ಲೇ ಇರುವುದರಿಂದ ಸ್ವಲ್ಪ ನಿಂತು ನೋಡಬೇಕು.

1969ರಲ್ಲಿ ರಿಚರ್ಡ್ ನಿಕ್ಸನ್ ಅಧಿಕಾರಕ್ಕೆ ಬಂದಾಗ ಒಳನಾಡಿನ ವಿಷಯಗಳಿಗೆ ಇಬ್ಬರು ಸಲಹೆಗಾರರನ್ನು ಇಟ್ಟುಕೊಂಡರು. ಒಬ್ಬರು ಡ್ಯಾನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. ಡೆಮಾಕ್ರಟಿಕ್ ಪಕ್ಷದವರು, ಹಾರ್ವರ್ಡಿನ ಮೇಷ್ಟ್ರು, ಮಾತುಗಾರ. ಇನ್ನೊಬ್ಬರು ಆರ್ಥರ್ ಬರ್ನ್ಸ್. ಬಿಗಿ ಕೈಯ ಅರ್ಥಶಾಸ್ತ್ರಜ್ಞ. ಮಕ್ಕಳಿರುವ ಬಡ ಕುಟುಂಬಕ್ಕೆ ಸರ್ಕಾರ ಕನಿಷ್ಠ ಆದಾಯದ ಖಾತರಿ ಕೊಡಬೇಕು, ನಾಲ್ಕು ಜನರ ಮನೆಗೆ ವರ್ಷಕ್ಕೆ 1,600 ಡಾಲರ್, ಎಂದು ಮೊಯ್ನಿಹಾನ್ ಪಟ್ಟು ಹಿಡಿದರು. ದುಡಿಯದೆ ದುಡ್ಡು ಕೊಡುವುದು ಸಲ್ಲದು ಎಂದು ಬರ್ನ್ಸ್ ಅಷ್ಟೇ ಗಟ್ಟಿಯಾಗಿ ವಿರೋಧಿಸಿದರು. ನಿಕ್ಸನ್‌ಗೆ ಮುಖಾಮುಖಿ ಜಗಳವೆಂದರೆ ಆಗದು. ಇಬ್ಬರ ಕಾಗದಗಳನ್ನೂ ಓದಿ, ಹೋಲಿಸಿ, ತನ್ನ ಮುಂದಿಡಲು ಮೂರನೆಯವನೊಬ್ಬನನ್ನು ಹುಡುಕಿದರು. ಆತ ಜಾನ್ ಎರ್ಲಿಕ್‌ಮನ್, ಸಿಯಾಟಲ್‌ನ ಭೂವ್ಯವಹಾರದ ವಕೀಲ. ಬಡತನದ ಬಗ್ಗೆಯಾಗಲೀ ಅರ್ಥಶಾಸ್ತ್ರದ ಬಗ್ಗೆಯಾಗಲೀ ತನ್ನದೇ ಆದ ಸಿದ್ಧಾಂತವಿಲ್ಲದವನು. ಅದೇ ಅವನ ಅರ್ಹತೆಯಾಯಿತು.

ಆ ವರ್ಷದ ಆಗಸ್ಟ್ 8ರಂದು ನಿಕ್ಸನ್ ಟಿವಿಯಲ್ಲಿ ಯೋಜನೆಯನ್ನು ಘೋಷಿಸಿದರು. ಕೆಳಮನೆ 1970ರಲ್ಲಿ ಒಪ್ಪಿತು, ಸೆನೆಟ್‌ನಲ್ಲಿ ಅದು ಕೊನೆಯುಸಿರೆಳೆಯಿತು. ಆದರೆ ಆ ಹೊತ್ತಿಗೆ ಜಗಳದ ಇಬ್ಬರೂ ಬದಿಗೆ ಸರಿದಿದ್ದರು, ಕಾಗದ ಜೋಡಿಸುತ್ತಿದ್ದ ಎರ್ಲಿಕ್‌ಮನ್ ಒಳನಾಡು ನೀತಿಯ ಒಡೆಯನಾಗಿದ್ದ. ಬರ್ನ್ಸ್ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ಗೆ ಹೋದರು. ಮೊಯ್ನಿಹಾನ್ ಮುಂದೆ 1973ರಲ್ಲಿ ದೆಹಲಿಗೆ ರಾಯಭಾರಿಯಾಗಿ ಬಂದರು. ಪಿಎಲ್-480 ಎಂಬ ಅಮೆರಿಕದ ನೆರವಿನ ಗೋಧಿ ತಿಂದು ಬೆಳೆದ ತಲೆಮಾರಿಗೆ ನೆನಪಿರಬಹುದು, ಆ ಗೋಧಿಯ ಲೆಕ್ಕದಲ್ಲಿ ಅಮೆರಿಕದ ಪಾಲಿಗೆ ಸೇರಿದ್ದ ರೂಪಾಯಿಯ ದೊಡ್ಡ ಭಾಗವನ್ನು ಭಾರತಕ್ಕೇ ಬಿಟ್ಟುಕೊಡುವ 1,664 ಕೋಟಿ ರೂಪಾಯಿಯ ಚೆಕ್ಕನ್ನು 1974ರಲ್ಲಿ ಕೊಟ್ಟವರು ಇವರೇ.

1970ರ ಜುಲೈ 1ರಂದು ‘ಡೊಮೆಸ್ಟಿಕ್ ಕೌನ್ಸಿಲ್’ ಅಧಿಕೃತವಾಗಿ ಜಾರಿಗೆ ಬಂತು. ಅದೇ ದಿನ, ಅದೇ ಪುನರ್‌ರಚನೆಯ ಯೋಜನೆಯಡಿ, ಹಳೆಯ ಬಜೆಟ್ ಬ್ಯೂರೊ ಹೊಸ ರೂಪದ ‘ನಿರ್ವಹಣೆ ಮತ್ತು ಬಜೆಟ್ ಕಚೇರಿ’ಯಾಯಿತು. ಏನು ಮಾಡಬೇಕು ಎಂಬುದು ಕೌನ್ಸಿಲ್‌ನ ಚಿಂತೆ. ಅದನ್ನು ಹೇಗೆ, ಎಷ್ಟು ಚೆನ್ನಾಗಿ ಮಾಡಬೇಕು ಎಂಬುದು ಬಜೆಟ್ ಕಚೇರಿಯ ಚಿಂತೆ ಎಂದು ನಿಕ್ಸನ್ ಕೆಲಸ ಹಂಚಿದರು. ಕಾಗದದ ಮೇಲೆ ಚಂದದ ವಿಂಗಡಣೆ. ದುಡ್ಡಿನ ಕೀಲಿ ಹಿಡಿದವರು ‘ಏನು’ ಎಂಬುದನ್ನೂ ಅರ್ಧ ತೀರ್ಮಾನಿಸಿಬಿಡುತ್ತಾರೆ ಎಂಬುದು ಯಾವ ಮನೆಯ ಗೃಹಿಣಿಗೂ ಗೊತ್ತಿರುವ ಸಂಗತಿ. ಈ ಎರಡು ಕಚೇರಿಗಳ ಎಳೆದಾಟ ಆಮೇಲೂ ನಿಂತಿಲ್ಲ.

ಕೆಡುಕಿನ ಬೇರು 1971ರದ್ದು. ವಿಯೆಟ್ನಾಂ ಯುದ್ಧದ ಗುಟ್ಟಿನ ಕಡತಗಳು, ‘ಪೆಂಟಗನ್ ಪೇಪರ್ಸ್’, ಜೂನ್‌ನಲ್ಲಿ ಪತ್ರಿಕೆಗಳಿಗೆ ಸಿಕ್ಕವು. ಸೋರಿಕೆ ತಡೆಯಲು ಶ್ವೇತಭವನ ಒಂದು ಗುಪ್ತ ತಂಡ ಕಟ್ಟಿತು. ಸೋರುವ ನಲ್ಲಿ ರಿಪೇರಿ ಮಾಡುವವರು ಎಂಬ ಅರ್ಥದಲ್ಲಿ ಅದಕ್ಕೆ ‘ಪ್ಲಂಬರ್ಸ್’ ಎಂದು ಹೆಸರು ಬಿತ್ತು. ಅದರ ಮುಂದಾಳುಗಳಲ್ಲಿ ಒಬ್ಬ ಈಜಿಲ್ ಕ್ರೋ, ಎರ್ಲಿಕ್‌ಮನ್‌ನ ಕೈಕೆಳಗೆ ದೇಶೀಯ ವ್ಯವಹಾರ ನೋಡುತ್ತಿದ್ದವನು. ಕಡತ ಹೊರಬಿಟ್ಟ ಡ್ಯಾನಿಯಲ್ ಎಲ್ಸ್‌ಬರ್ಗ್ ಅವರ ಮನೋವೈದ್ಯರ ಕಚೇರಿಗೆ ಸೆಪ್ಟೆಂಬರ್‌ನಲ್ಲಿ ಈ ತಂಡ ಕನ್ನ ಹಾಕಿಸಿತು. ಬಡವರ ನೆರವು, ಪರಿಸರ, ಶಿಕ್ಷಣದ ಬಗ್ಗೆ ಯೋಚಿಸಬೇಕಾದ ಬಳಗದೊಳಗಿಂದಲೇ ಕಳ್ಳತನದ ಸಂಚು ನಡೆಯಿತು. ಎರ್ಲಿಕ್‌ಮನ್ 1973ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟ. ಅವನೂ ಕ್ರೋನೂ ಜೈಲು ಕಂಡರು. ಯಾರ ಪ್ರಶ್ನೆಗೂ ಉತ್ತರಿಸಬೇಕಿಲ್ಲದ ಅಧಿಕಾರ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆಮೇಲಿನ ಇಪ್ಪತ್ತು ವರ್ಷ ಬೇಗ ದಾಟಬಹುದು. ಜೆರಾಲ್ಡ್ ಫೋರ್ಡ್ ಕೌನ್ಸಿಲನ್ನು ಉಪಾಧ್ಯಕ್ಷ ನೆಲ್ಸನ್ ರಾಕೆಫೆಲರ್ ಕೈಗೆ ಕೊಟ್ಟರು, ಅದು ಫಲಿಸಲಿಲ್ಲ. ಕಾರ್ಟರ್ ಅದನ್ನು ರದ್ದುಮಾಡಿ, ಸ್ಟುವರ್ಟ್ ಐಜೆನ್‌ಸ್ಟಾಟ್ ನೇತೃತ್ವದ ಸಿಬ್ಬಂದಿ ತಂಡವೊಂದನ್ನು ಇಟ್ಟುಕೊಂಡರು. ರೇಗನ್ ಅದನ್ನೂ ಬದಲಿಸಿದರು, 1985ರಲ್ಲಿ ಮತ್ತೆ ಬದಲಿಸಿದರು. ಈಗಿರುವ ರೂಪ ಬಂದದ್ದು 1993ರ ಆಗಸ್ಟ್ 16ರಂದು, ಬಿಲ್ ಕ್ಲಿಂಟನ್ ಸಹಿ ಹಾಕಿದ 12859ನೇ ಸಂಖ್ಯೆಯ ಆದೇಶದಿಂದ. ಆರ್ಥಿಕ ವಿಷಯಗಳಿಗೆ ಅದೇ ವರ್ಷ ಜನವರಿಯಲ್ಲಿ ರಾಷ್ಟ್ರೀಯ ಆರ್ಥಿಕ ಮಂಡಳಿ ಬೇರೆಯಾಗಿ ಹುಟ್ಟಿತ್ತು. ಎರಡಕ್ಕೂ ಹಿಂದೆ ಕಾನೂನಿನ ಆಸರೆಯಿಲ್ಲ. ಒಬ್ಬ ಅಧ್ಯಕ್ಷರ ಸಹಿಯಿಂದ ಬಂದದ್ದನ್ನು ಇನ್ನೊಬ್ಬರ ಸಹಿ ಅಳಿಸಬಹುದು. ನಮ್ಮ ಯೋಜನಾ ಆಯೋಗ 1950ರಲ್ಲಿ ಸಂಪುಟದ ನಿರ್ಣಯದಿಂದ ಹುಟ್ಟಿತ್ತು. 2015ರ ಜನವರಿ 1ರ ಇನ್ನೊಂದು ನಿರ್ಣಯದಿಂದ ಅದರ ಜಾಗಕ್ಕೆ ನೀತಿ ಆಯೋಗ ಬಂತು. ಅದೇ ರೀತಿ.

ಆದೇಶದಲ್ಲಿ ಮಂಡಳಿಗೆ ಕೊಟ್ಟ ಕೆಲಸ ನಾಲ್ಕು. ದೇಶೀಯ ನೀತಿ ರೂಪಿಸುವ ಪ್ರಕ್ರಿಯೆಯನ್ನು ಹೊಂದಿಸುವುದು, ಅಧ್ಯಕ್ಷರಿಗೆ ಹೋಗುವ ಸಲಹೆಯನ್ನು ಹೊಂದಿಸುವುದು, ತೀರ್ಮಾನಗಳು ಅಧ್ಯಕ್ಷರು ಹೇಳಿದ ಗುರಿಗೆ ತಕ್ಕಂತಿವೆಯೇ ಎಂದು ನೋಡುವುದು, ಜಾರಿಯ ಮೇಲೆ ಕಣ್ಣಿಡುವುದು. ಅಧ್ಯಕ್ಷರೇ ಮಂಡಳಿಯ ಅಧ್ಯಕ್ಷರು. ಆರೋಗ್ಯ, ಶಿಕ್ಷಣ, ಕೃಷಿ, ಕಾರ್ಮಿಕ, ವಸತಿ, ಸಾರಿಗೆ ಹೀಗೆ ಹತ್ತಾರು ಇಲಾಖೆಗಳ ಮುಖ್ಯಸ್ಥರು ಸದಸ್ಯರು. ಆದರೆ ಇಷ್ಟೂ ಜನ ಒಟ್ಟಿಗೆ ಸೇರುವುದು ಅಪರೂಪ. ‘ಮಂಡಳಿ’ ಎಂದು ಜನ ಮಾತಿನಲ್ಲಿ ಹೇಳುವುದು ಅದರ ಸಿಬ್ಬಂದಿಯನ್ನು. ನಿರ್ದೇಶಕರ ಕೋಣೆ ಶ್ವೇತಭವನದ ಪಶ್ಚಿಮ ಭಾಗದಲ್ಲಿ, ಉಳಿದವರು ಪಕ್ಕದ ಐಸೆನ್‌ಹೋವರ್ ಕಟ್ಟಡದಲ್ಲಿ. ಒಬ್ಬೊಬ್ಬರಿಗೆ ಒಂದೊಂದು ವಿಷಯ. ಸಾವಿರಾರು ನೌಕರರಿರುವ ಇಲಾಖೆಗಳ ಜೊತೆ ಮಾತಾಡುವ ಈ ಬಳಗ ಒಂದು ಮದುವೆ ಬಸ್ಸಿನಲ್ಲಿ ಹಿಡಿಸುವಷ್ಟು ಚಿಕ್ಕದು.

ಕೆಲಸ ನಡೆಯುವ ಕ್ರಮ ಹೀಗೆ. ಮೊದಲು ಆ ವಿಷಯ ನೋಡಿಕೊಳ್ಳುವ ಸಿಬ್ಬಂದಿ ಸಂಬಂಧಪಟ್ಟ ಇಲಾಖೆಗಳ ಅಧಿಕಾರಿಗಳನ್ನು ಕರೆದು ಕೂರಿಸುತ್ತಾರೆ. ಬಗೆಹರಿಯುವುದು ಅಲ್ಲೇ ಬಗೆಹರಿಯುತ್ತದೆ. ಉಳಿದದ್ದು ಇಲಾಖೆಗಳ ಎರಡನೇ ಸಾಲಿನ ಮುಖ್ಯಸ್ಥರ ಸಭೆಗೆ, ಅಲ್ಲೂ ಉಳಿದದ್ದು ಕಾರ್ಯದರ್ಶಿಗಳ ಮಟ್ಟಕ್ಕೆ ಏರುತ್ತದೆ. ಹೀಗೆ ಸೋಸಿ ಸೋಸಿ ಕೊನೆಗೆ ಬಿಡಿಸಲಾಗದ ಗಂಟು ಮಾತ್ರ ಅಧ್ಯಕ್ಷರ ಮೇಜಿಗೆ ಹೋಗಬೇಕು. ಅದು ಹೋಗುವುದು ನಿರ್ಧಾರದ ಟಿಪ್ಪಣಿಯ ರೂಪದಲ್ಲಿ: ವಿಷಯ ಇದು, ದಾರಿಗಳು ಇಷ್ಟು, ಒಂದೊಂದಕ್ಕೂ ತಗಲುವ ವೆಚ್ಚ ಇದು, ಯಾವ ದಾರಿಗೆ ಯಾರ ಒಪ್ಪಿಗೆ, ಯಾರ ವಿರೋಧ. ಅಧ್ಯಕ್ಷರು ಓದಿ ಗುರುತು ಹಾಕುತ್ತಾರೆ, ಅಂಚಿನಲ್ಲಿ ಏನಾದರೂ ಗೀಚುತ್ತಾರೆ, ಇಲ್ಲವೇ ಎಲ್ಲರನ್ನೂ ಕರೆಸುತ್ತಾರೆ.

ಇಡೀ ವ್ಯವಸ್ಥೆಯ ಪ್ರಾಣ ಇರುವುದು ಆ ಟಿಪ್ಪಣಿಯ ಪ್ರಾಮಾಣಿಕತೆಯಲ್ಲಿ. ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿ ಕೂತ ಹಿರಿಯನಿಗೂ ತನ್ನದೊಂದು ಅಭಿಪ್ರಾಯ ಇರುತ್ತದೆ. ಆದರೂ ಇಬ್ಬರ ಮಾತನ್ನೂ ಅವರವರು ಹೇಳಿದ ಹಾಗೆಯೇ ಸಭೆಯ ಮುಂದಿಟ್ಟು, ಆಮೇಲೆ ತನ್ನದನ್ನು ಹೇಳಿದರೆ ಅವನ ಮಾತಿಗೆ ಬೆಲೆ. ನಿರ್ದೇಶಕರೂ ಹಾಗೆ. ತನಗೆ ಇಷ್ಟವಿಲ್ಲದ ದಾರಿಯನ್ನು ನಾಲ್ಕು ಸಾಲಿಗೆ ಮೊಟಕುಗೊಳಿಸಿ, ಇಷ್ಟವಾದದ್ದನ್ನು ಎರಡು ಪುಟಕ್ಕೆ ಹಿಗ್ಗಿಸಿದರೆ ಅಧ್ಯಕ್ಷರಿಗೆ ಗೊತ್ತಾಗದೆ ಹೋಗಬಹುದು. ಇಲಾಖೆಗಳಿಗೆ ಖಂಡಿತ ಗೊತ್ತಾಗುತ್ತದೆ. ಮುಂದಿನ ಸಲ ಅವರು ಮಂಡಳಿಯನ್ನು ಬಿಟ್ಟು ಹಿಂಬಾಗಿಲಿನಿಂದ ಅಧ್ಯಕ್ಷರ ಬಳಿ ಹೋಗುತ್ತಾರೆ.

ಈ ಕ್ರಮ ನೆಟ್ಟಗೆ ನಡೆದದ್ದಕ್ಕೆ ನಾನು ಕೊಡುವ ಉದಾಹರಣೆ ನನಗೆ ಒಪ್ಪಿಗೆಯಿಲ್ಲದ ಒಂದು ತೀರ್ಮಾನ. 1996ರ ಜುಲೈ 31. ಬಡ ತಾಯಂದಿರಿಗೆ 1935ರಿಂದ ಸಿಗುತ್ತಿದ್ದ ನಗದು ನೆರವನ್ನು ತೆಗೆದು, ಜೀವಮಾನದಲ್ಲಿ ಐದು ವರ್ಷದ ಮಿತಿ ಹಾಕಿ, ಹಣವನ್ನು ರಾಜ್ಯಗಳಿಗೆ ಒಪ್ಪಿಸುವ ಮಸೂದೆ ಕ್ಲಿಂಟನ್ ಮುಂದಿತ್ತು. ಹಿಂದೆ ಎರಡು ಸಲ ಅವರು ಅದನ್ನು ತಡೆದಿದ್ದರು. ಆ ಬೆಳಿಗ್ಗೆ ಸಂಪುಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು. ಆರೋಗ್ಯ ಕಾರ್ಯದರ್ಶಿ ಡಾನಾ ಶಲೇಲಾ ಬೇಡ ಎಂದರು. ಖಜಾನೆಯ ರಾಬರ್ಟ್ ರೂಬಿನ್ ಬೇಡ ಎಂದರು. ಸಿಬ್ಬಂದಿ ಮುಖ್ಯಸ್ಥ ಲಿಯಾನ್ ಪನೆಟ್ಟಾ ಕೂಡ ಬೇಡ ಎಂದರು. ಸಹಿ ಹಾಕಿ ಎಂದು ವಾದಿಸಿದವರಲ್ಲಿ ಬ್ರೂಸ್ ರೀಡ್ ಮುಖ್ಯರು. 1992ರ ಚುನಾವಣೆಯಲ್ಲಿ ಕ್ಲಿಂಟನ್ ಕೊಟ್ಟ ಮಾತನ್ನು ನೆನಪಿಸುತ್ತಿದ್ದ ಇವರು ಮುಂದೆ ದೇಶೀಯ ನೀತಿ ಮಂಡಳಿಯ ನಿರ್ದೇಶಕರಾದರು. ಅದೇ ದಿನ ಕ್ಲಿಂಟನ್ ಸಹಿ ಹಾಕುವುದಾಗಿ ಹೇಳಿದರು. ಆಗಸ್ಟ್ 22ರಂದು ಹಾಕಿದರು. ಆರೋಗ್ಯ ಇಲಾಖೆಯ ಪೀಟರ್ ಎಡೆಲ್‌ಮನ್ ಪ್ರತಿಭಟಿಸಿ ಹುದ್ದೆ ಬಿಟ್ಟರು. ನನ್ನ ಮನಸ್ಸು ಎಡೆಲ್‌ಮನ್ ಕಡೆಗಿದೆ. ರಾಜ್ಯಗಳಿಗೆ ಆಗ ನಿಗದಿಯಾದ ವರ್ಷಕ್ಕೆ ಸುಮಾರು 1,650 ಕೋಟಿ ಡಾಲರ್ ಬೆಲೆ ಏರಿದಂತೆ ಏರಲೇ ಇಲ್ಲ, ಅದರ ಪೆಟ್ಟು ತಿಂದವರು ಮಕ್ಕಳು. ಆದರೆ ‘ನನ್ನ ಮಾತು ಕೇಳಲಿಲ್ಲ’ ಎಂದು ದೂರುವಂಥ ಸ್ಥಿತಿ ಆ ಕೋಣೆಯಲ್ಲಿದ್ದ ಯಾರಿಗೂ ಇರಲಿಲ್ಲ. ಕೇಳಿಸಿಕೊಂಡೇ ಅಧ್ಯಕ್ಷರು ಬೇರೆ ದಾರಿ ಹಿಡಿದರು. ಆ ಹೊಣೆ ಪೂರ್ತಿ ಅವರದು.

ಇದೇ ಕ್ಲಿಂಟನ್ 1993ರಲ್ಲಿ ಆರೋಗ್ಯ ಸುಧಾರಣೆಯನ್ನು ಮಾಮೂಲಿ ದಾರಿಯಿಂದ ಹೊರಗೆ ತೆಗೆದು, ಹಿಲರಿ ಕ್ಲಿಂಟನ್ ಮತ್ತು ಇರಾ ಮ್ಯಾಗಜೀನರ್ ಅವರ ಪ್ರತ್ಯೇಕ ಕಾರ್ಯಪಡೆಗೆ ಒಪ್ಪಿಸಿದ್ದರು. ಐನೂರಕ್ಕೂ ಹೆಚ್ಚು ಜನ ಸೇರಿ, ಮುಚ್ಚಿದ ಬಾಗಿಲ ಹಿಂದೆ ಕೆಲಸ ಮಾಡಿ, 1,342 ಪುಟದ ಮಸೂದೆ ತಂದರು. ಖಜಾನೆಯ, ಆರೋಗ್ಯ ಇಲಾಖೆಯ ಅನುಮಾನಗಳು ಒಳಗೇ ಕುದಿಯುತ್ತಿದ್ದವು. 1994ರ ಸೆಪ್ಟೆಂಬರ್ ಹೊತ್ತಿಗೆ ಅದು ಸತ್ತುಹೋಯಿತು. ವಿಮಾ ಕಂಪನಿಗಳ ವಿರೋಧವೂ ಕಾರಣ ನಿಜ. ಆದರೆ ಮನೆಯವರನ್ನೇ ಒಪ್ಪಿಸದ ಮದುವೆಗೆ ಊರವರು ಬರುವರೇ?

ಹತ್ತು ಕೈ ದಾಟಿ ಬಂದ ಕಾಗದ ಗಟ್ಟಿ ಎಂಬುದು ವಲಸೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2014ರ ನವೆಂಬರ್ 20ರಂದು ಒಬಾಮಾ ಘೋಷಿಸಿದ ವಲಸೆ ಕ್ರಮಗಳ ಕಟ್ಟಿನಲ್ಲಿ ದೊಡ್ಡದು, ಅಮೆರಿಕದಲ್ಲೇ ಹುಟ್ಟಿದ ಮಕ್ಕಳಿರುವ, ದಾಖಲೆಯಿಲ್ಲದ ಲಕ್ಷಾಂತರ ತಂದೆ ತಾಯಿಗಳಿಗೆ ಗಡೀಪಾರಿನಿಂದ ರಕ್ಷಣೆ. ಅದನ್ನು ಇಲಾಖೆಯ ಒಂದು ಮೆಮೊ ಮೂಲಕ ಮಾಡಲು ಹೊರಟರು. ಟೆಕ್ಸಾಸ್‌ನ ನ್ಯಾಯಾಧೀಶರು 2015ರ ಫೆಬ್ರವರಿಯಲ್ಲಿ ತಡೆದರು. ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿಲ್ಲ ಎಂಬುದೇ ತಡೆಗೆ ಕಾರಣ. 2016ರಲ್ಲಿ ಸುಪ್ರೀಂ ಕೋರ್ಟ್ 4–4 ಎಂದು ಒಡೆದು, ತಡೆ ಹಾಗೆಯೇ ಉಳಿಯಿತು. ಅದೇ ಕಟ್ಟಿನೊಳಗಿದ್ದ ಚಿಕ್ಕ ನಿಯಮ, ಎಚ್-4 ಹೆಂಡತಿಯರ ಕೆಲಸದ ಪರವಾನಗಿ, ನಿಧಾನದ ದಾರಿಯಲ್ಲಿ ಬಂದಿತ್ತು. ಕರಡು ಪ್ರಕಟವಾಗಿ, ಅಭಿಪ್ರಾಯ ಬಂದು, ಉತ್ತರ ಬರೆದು, ಆಮೇಲೆ ಜಾರಿ. ಅದರ ಮೇಲೂ ಮೊಕದ್ದಮೆ ಹೂಡಿದರು. ಅದನ್ನು ರದ್ದುಮಾಡುವ ಪ್ರಸ್ತಾವ ಟ್ರಂಪ್ ಅವರ ಮೊದಲ ಅವಧಿಯಲ್ಲಿ ಕಾರ್ಯಸೂಚಿಗೆ ಬಂದರೂ ಮುಗಿಯಲಿಲ್ಲ. ಸರಿಯಾಗಿ ಕಟ್ಟಿದ್ದನ್ನು ಕೆಡವಲೂ ಅಷ್ಟೇ ಉದ್ದದ ದಾರಿ ನಡೆಯಬೇಕು.

ಟ್ರಂಪ್ ಕಾಲದ ಉದಾಹರಣೆಯೂ ಇದನ್ನೇ ಹೇಳುತ್ತದೆ. 2017ರ ಜನವರಿ 27ರಂದು ಮುಸ್ಲಿಂ ಬಹುಸಂಖ್ಯಾತರ ಏಳು ದೇಶಗಳ ಜನರಿಗೆ ಪ್ರವೇಶ ನಿಷೇಧಿಸಿದ ಆದೇಶ ಇಲಾಖೆಗಳ ಜೊತೆ ಸರಿಯಾಗಿ ಸಮಾಲೋಚಿಸದೆ ಹೊರಬಿತ್ತು. ಗ್ರೀನ್ ಕಾರ್ಡ್ ಇದ್ದವರೂ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರು. ಒಂದೇ ವಾರದಲ್ಲಿ ಸಿಯಾಟಲ್‌ನ ನ್ಯಾಯಾಲಯ ತಡೆಯಿತು. ಇಲಾಖೆಗಳು ದೇಶ ದೇಶವನ್ನೂ ಪರಿಶೀಲಿಸಿದ ಮೇಲೆ ಸೆಪ್ಟೆಂಬರ್‌ನಲ್ಲಿ ಬಂದ ಮೂರನೆಯ ಆವೃತ್ತಿಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5–4ರಿಂದ ಎತ್ತಿಹಿಡಿಯಿತು, ಆ ಪರಿಶೀಲನೆಯನ್ನು ತೀರ್ಪಿನಲ್ಲಿ ಉಲ್ಲೇಖಿಸಿಯೇ. ಆ ನೀತಿ ನನಗೆ ಅನ್ಯಾಯವಾಗಿ ಕಾಣುತ್ತದೆ. ಪ್ರಕ್ರಿಯೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಸಮನಾಗಿ ಗಟ್ಟಿಮಾಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಆ ಪ್ರಕ್ರಿಯೆಯನ್ನು ನಡೆಸುವವರನ್ನು ಕಾಯುವವರು ಯಾರು? ಇಲ್ಲಿ ನನಗೆ ನಿಜವಾದ ಕಳವಳವಿದೆ. ಇಲಾಖೆಯ ಕಾರ್ಯದರ್ಶಿಯಾಗಲು ಸೆನೆಟ್ ಒಪ್ಪಬೇಕು. ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣ ಬಯಲಾದ ನಂತರ, 1974ರಿಂದ, ಬಜೆಟ್ ಕಚೇರಿಯ ಮುಖ್ಯಸ್ಥರಿಗೂ ಆ ಒಪ್ಪಿಗೆ ಬೇಕು. ದೇಶೀಯ ನೀತಿ ಮಂಡಳಿಯ ನಿರ್ದೇಶಕರಿಗೆ ಬೇಡ. ಸಂಸತ್ತಿನ ಸಮಿತಿ ಕರೆದರೂ, ಅಧ್ಯಕ್ಷರ ಆಪ್ತ ಸಲಹೆಗಾರರು ಎಂಬ ಕಾರಣಕ್ಕೆ ಸಾಮಾನ್ಯವಾಗಿ ಸಾಕ್ಷಿ ಹೇಳಲು ಹೋಗುವುದಿಲ್ಲ. ಭಾರತದಿಂದ ಹೋಗಿ ನೆಲೆಸಿದವರ ಮಗಳು ನೀರಾ ಟಂಡನ್ ಅವರ ಉದಾಹರಣೆ ನೋಡಿ. ಅಧ್ಯಕ್ಷ ಬೈಡನ್ ಟಂಡನ್ ಅವರನ್ನು ಬಜೆಟ್ ಕಚೇರಿಗೆ ಹೆಸರಿಸಿದರು. ಸೆನೆಟ್‌ನಲ್ಲಿ ಮತ ಸಾಲದೆ 2021ರ ಮಾರ್ಚ್‌ನಲ್ಲಿ ಹೆಸರು ಹಿಂದೆಗೆದುಕೊಳ್ಳಬೇಕಾಯಿತು. 2023ರಲ್ಲಿ ಸೂಸನ್ ರೈಸ್ ಅವರ ಜಾಗಕ್ಕೆ ದೇಶೀಯ ನೀತಿ ಮಂಡಳಿಯ ನಿರ್ದೇಶಕಿಯಾದರು, ಯಾರ ಮತವೂ ಬೇಕಾಗಲಿಲ್ಲ. ಅವರ ಅರ್ಹತೆಯ ಬಗ್ಗೆ ನನ್ನ ತಕರಾರಿಲ್ಲ. ಒಂದು ಬಾಗಿಲಿಗೆ ಇಷ್ಟು ಕಾವಲು, ಪಕ್ಕದ ಬಾಗಿಲಿಗೆ ಚಿಲಕವೂ ಇಲ್ಲ ಎಂಬುದರ ಬಗ್ಗೆ ಇದೆ. ಸಲಹೆ ಗುಟ್ಟಾಗಿರಬೇಕು, ಇಲ್ಲದಿದ್ದರೆ ಯಾರೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದರೆ ಸಲಹೆ ಕೊಡುವ ಕೈಯೇ ಇಲಾಖೆಗಳಿಗೆ ಆಜ್ಞೆ ಕೊಡಲು ಶುರುಮಾಡಿದಾಗ ಆ ವಾದ ಸಡಿಲಾಗುತ್ತದೆ. ವರ್ಷಕ್ಕೆ ಒಮ್ಮೆಯಾದರೂ ನಿರ್ದೇಶಕರು ಸಂಸತ್ತಿನ ಮುಂದೆ ಕೂತು, ಅಧ್ಯಕ್ಷರಿಗೆ ಏನು ಹೇಳಿದಿರಿ ಎಂಬುದಕ್ಕಲ್ಲ, ಇಲಾಖೆಗಳಿಗೆ ಏನು ಹೇಳಿದಿರಿ ಎಂಬುದಕ್ಕೆ ಉತ್ತರಿಸಬೇಕು. ಇದು ಅತಿಯಾದ ಬೇಡಿಕೆ ಎಂದು ನನಗೆ ಅನಿಸುವುದಿಲ್ಲ.

ಸದ್ಯಕ್ಕೆ ಇರುವ ಆಸರೆ ಒಂದೇ, ಕಾಗದ. 1978ರ ಕಾನೂನಿನ ಪ್ರಕಾರ ಅಧ್ಯಕ್ಷರ ಕಚೇರಿಯ ದಾಖಲೆಗಳು ಜನರ ಆಸ್ತಿ. ಅಧಿಕಾರ ಮುಗಿದ ದಿನ ಅವು ರಾಷ್ಟ್ರೀಯ ಪತ್ರಾಗಾರದ ವಶಕ್ಕೆ ಹೋಗುತ್ತವೆ. ಐದು ವರ್ಷದ ಮೇಲೆ ಕೇಳಬಹುದು, ಗುಟ್ಟಿನ ಸಲಹೆಗಳನ್ನು ಹನ್ನೆರಡು ವರ್ಷದವರೆಗೆ ತಡೆಹಿಡಿಯಬಹುದು. 1997ರಿಂದ 1999ರವರೆಗೆ ಬ್ರೂಸ್ ರೀಡ್ ಅವರ ಕೈಕೆಳಗೆ ಮಂಡಳಿಯ ಉಪನಿರ್ದೇಶಕಿಯಾಗಿ ತಂಬಾಕು ನಿಯಂತ್ರಣದಂಥ ವಿಷಯಗಳಲ್ಲಿ ದುಡಿದವರು ಎಲೆನಾ ಕೇಗನ್. 2010ರಲ್ಲಿ ಒಬಾಮಾ ಕೇಗನ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ, ಲಿಟಲ್ ರಾಕ್‌ನ ಕ್ಲಿಂಟನ್ ಗ್ರಂಥಾಲಯ ಅವರ ಶ್ವೇತಭವನದ ದಿನಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಪುಟಗಳನ್ನು ಹೊರತೆಗೆಯಿತು. ಹಿಂದೆ ಆಕೆ ಮಂಡಳಿ ಸೇರಿದಾಗ ಒಂದು ಪ್ರಶ್ನೆಯನ್ನೂ ಕೇಳುವ ಹಕ್ಕಿಲ್ಲದಿದ್ದ ಸೆನೆಟ್, ಈಗ ಆಕೆ ಬರೆದ ಟಿಪ್ಪಣಿಗಳನ್ನು, ಅವುಗಳ ಅಂಚಿನ ಗೀಚುಗಳನ್ನು ಕೂಡ, ಸಾಲು ಸಾಲಾಗಿ ಓದಿತು.